ಮಂಡಿಯಿಂದ ಮಹಾಪ್ರಬಂಧಕ್ಕೆ

ಏಪ್ರಿಲ್ ಬಂತೆಂದರೆ ನವಿಮುಂಬೈಯ ತುರ್ಭೆಯ ಹಣ್ಣಿನ ಮಂಡಿಯಲ್ಲಿ ಆಪೂಸು ಮಾವಿನದೇ ದರ್ಬಾರು. ರಾತ್ರಿಯಿಡೀ ಲಾರಿಗಳಿಂದ ಇಳಿದ ಪೆಟ್ಟಿಗೆಗಳು ಬೆಳಗಾಗುವಷ್ಟರಲ್ಲಿ ಆಳೆತ್ತರ ಪೇರಿಸಿಕೊಂಡಿರುತ್ತವೆ. ದಲ್ಲಾಳಿಯೂ ಖರೀದಿದಾರನೂ ಎದುರುಬದುರು ನಿಂತು, ಕೈಗಳ ಮೇಲೆ ಒಂದು ರುಮಾಲು ಹೊದಿಸಿ ದರ ಕುದುರಿಸುವ ಹಳೆಯ ಪದ್ಧತಿಯೊಂದು ಇಲ್ಲಿಯದು. ಬಟ್ಟೆಯಡಿ ಬೆರಳು ಬೆರಳನ್ನು ಹಿಡಿಯುತ್ತದೆ, ಒತ್ತುತ್ತದೆ, ಬಿಡುತ್ತದೆ. ಎಷ್ಟು ಬೆರಳು ಹಿಡಿದದ್ದು, ಹೇಗೆ ಒತ್ತಿದ್ದು ಎಂಬುದರಲ್ಲೇ ದರ ಅಡಗಿದೆ. ಮುಖದಲ್ಲಿ ಏನೂ ಕಾಣದು. ವ್ಯಾಪಾರ ಮುಗಿದು ಪೆಟ್ಟಿಗೆ ಎತ್ತಿದ ಮೇಲೂ ಪಕ್ಕದಲ್ಲಿ ನಿಂತವನಿಗೆ, ಎಷ್ಟೋ ಸಲ ಹಣ್ಣು ಬೆಳೆದು ಕಳಿಸಿದವನಿಗೂ, ಮಾಲು ಎಷ್ಟಕ್ಕೆ ಹೋಯಿತೆಂದು ತಿಳಿಯುವುದಿಲ್ಲ.

ಅರ್ಥಶಾಸ್ತ್ರವನ್ನು ಕಳೆದ ಐವತ್ತು ವರ್ಷಗಳಿಂದ ಕಾಡಿದ ದೊಡ್ಡ ಪ್ರಶ್ನೆಗಳಲ್ಲಿ ಒಂದು ಆ ರುಮಾಲಿನ ಅಡಿಯಲ್ಲೇ ಇದೆ. ಒಬ್ಬನಿಗೆ ಗೊತ್ತಿರುವುದು ಇನ್ನೊಬ್ಬನಿಗೆ ಗೊತ್ತಿಲ್ಲದಿದ್ದರೆ ಪೇಟೆ ಹೇಗೆ ನಡೆಯುತ್ತದೆ? ಅಮೆರಿಕದ ಜಾರ್ಜ್ ಅಕೆರ್ಲಾಫ್ ಈ ಪ್ರಶ್ನೆಯನ್ನು ಹಳೆಯ ಕಾರುಗಳ ಮಾರಾಟದ ಉದಾಹರಣೆಯಿಂದ ಎತ್ತಿಕೊಂಡರು. ಅವರ ಲೇಖನವನ್ನು ಮೂರು ಪತ್ರಿಕೆಗಳು ಹಿಂದಕ್ಕೆ ಕಳಿಸಿದವು. ಇದರಲ್ಲೇನಿದೆ ಮಹಾ ಎಂಬ ಧಾಟಿಯ ಉತ್ತರವೂ ಬಂತು. ಕೊನೆಗೆ 1970ರಲ್ಲಿ ಅಚ್ಚಾದ ಆ ಲೇಖನಕ್ಕಾಗಿಯೇ ಅವರಿಗೆ 2001ರಲ್ಲಿ ನೊಬೆಲ್ ಸಿಕ್ಕಿತು. ಮುಂಬೈಯಲ್ಲಿ ಹುಟ್ಟಿದ ಅರ್ಥಶಾಸ್ತ್ರಜ್ಞ ಅಭಿಜಿತ್ ಬ್ಯಾನರ್ಜಿ 1988ರಲ್ಲಿ ಹಾರ್ವರ್ಡ್‌ನಿಂದ ಡಾಕ್ಟರೇಟ್ ಪಡೆದದ್ದೂ ಮಾಹಿತಿಯ ಅರ್ಥಶಾಸ್ತ್ರದ ಮೇಲಿನ ಪ್ರಬಂಧಗಳಿಗೇ.

ಆಪೂಸಿನ ಪೆಟ್ಟಿಗೆಯಲ್ಲಿ ಇನ್ನೊಂದು ಗುಟ್ಟೂ ಇದೆ. ರತ್ನಾಗಿರಿ, ಸಿಂಧುದುರ್ಗ, ರಾಯಗಡ, ಥಾಣೆ, ಪಾಲ್ಘರ್ ಜಿಲ್ಲೆಗಳ ಆಪೂಸಿಗೆ 2018ರಲ್ಲಿ ಭೌಗೋಳಿಕ ಸೂಚ್ಯಂಕದ ಮುದ್ರೆ ಬಿತ್ತು. ಅದೇ ಮಂಡಿಗೆ ಕರ್ನಾಟಕದ ಆಪೂಸೂ ಬರುತ್ತದೆ. ನೋಡಲು ಹೆಚ್ಚು ವ್ಯತ್ಯಾಸವಿಲ್ಲ, ದರದಲ್ಲಿ ಇದೆ. ಹಾಗಾದರೆ ಗಿರಾಕಿ ದುಡ್ಡು ಕೊಡುತ್ತಿರುವುದು ರುಚಿಗೋ, ಊರಿನ ಹೆಸರಿಗೋ? ಧಾರವಾಡದ ಬೆಳೆಗಾರ ಹೆಸರಿಲ್ಲದ ಕಾರಣಕ್ಕೆ ಕಳೆದುಕೊಳ್ಳುವುದು ಎಷ್ಟು? ಎರಡು ಹಂಗಾಮು ಈ ಮಂಡಿಯಲ್ಲಿ ನಿಂತು ದರ ಬರೆದುಕೊಂಡು, ಸಂಖ್ಯಾಶಾಸ್ತ್ರದ ಬಲದಿಂದ ಅದನ್ನು ಜಾಲಿಸಬಲ್ಲವನಿಗೆ ಡಾಕ್ಟರೇಟಿನ ಒಂದು ಅಧ್ಯಾಯ ಇಲ್ಲೇ ಸಿದ್ಧವಾಗುತ್ತದೆ.

ಅರ್ಥಶಾಸ್ತ್ರದಲ್ಲಿ ಪಿಎಚ್.ಡಿ. ಎಂದೊಡನೆ ಬಾಸ್ಟನ್, ಲಂಡನ್, ತಪ್ಪಿದರೆ ದೆಹಲಿ ಎಂದು ಯೋಚಿಸುವ ಹುಡುಗ ಹುಡುಗಿಯರು ಡೊಂಬಿವಲಿ, ಕಲ್ಯಾಣ, ವಾಶಿಗಳ ಕನ್ನಡ ಮನೆಗಳಲ್ಲೂ ಇದ್ದಾರೆ. ಅಲ್ಲಿಗೆ ಹೋಗಬಾರದೆಂದಲ್ಲ. ಆದರೆ ಪ್ರಶ್ನೆ ಎಲ್ಲಿಯದು ಎಂಬುದು ಕಾಲೇಜು ಎಲ್ಲಿಯದು ಎಂಬುದಕ್ಕಿಂತ ಮುಖ್ಯ. ಪ್ರಶ್ನೆಗಳ ಮಟ್ಟಿಗೆ ತುರ್ಭೆಯಷ್ಟು ಶ್ರೀಮಂತ ಊರು ದೇಶದಲ್ಲೇ ಕಡಿಮೆ.

ಮುಂಬೈಯ ಸಗಟು ಪೇಟೆ ಮೊದಲು ಮಸ್ಜಿದ್ ಬಂದರ್, ಭಾಯಖಳಾ, ಕ್ರಾಫರ್ಡ್ ಮಾರ್ಕೆಟ್‌ಗಳ ಇಕ್ಕಟ್ಟಿನಲ್ಲಿತ್ತು. ಕೃಷಿ ಉತ್ಪನ್ನ ಮಾರುಕಟ್ಟೆ ಸಮಿತಿ ಅದನ್ನು ಕಂತುಕಂತಾಗಿ ಖಾಡಿಯಾಚೆಗೆ ಸಾಗಿಸಿತು. 1981ರಲ್ಲಿ ಈರುಳ್ಳಿ-ಬಟಾಟೆ ಬಂತು. ತೊಂಬತ್ತರ ದಶಕದ ಆರಂಭದಲ್ಲಿ ಮಸಾಲೆ ಮತ್ತು ಧಾನ್ಯ, 1996ರಲ್ಲಿ ತರಕಾರಿ ಮತ್ತು ಹಣ್ಣು. ವಾಶಿ ಮಾರ್ಕೆಟ್ ಎಂದು ಪೇಪರಿನವರು ಬರೆದರೂ ಐದೂ ಪೇಟೆಗಳು ಹರಡಿರುವುದು ತುರ್ಭೆಯ ನೆಲದಲ್ಲಿ. ಹೊರೆ ಹೊರುವ ಹಮಾಲರಿಗಾಗಿಯೇ ಮಹಾರಾಷ್ಟ್ರ 1969ರಲ್ಲಿ ಮಾಥಾಡಿ ಕಾಯ್ದೆ ತಂದಿತ್ತು. ಖಾಯಂ ಮಾಲೀಕನೇ ಇಲ್ಲದ ಕೂಲಿಗೆ ಮಂಡಳಿಯ ಮೂಲಕ ಸಂಬಳ, ಭವಿಷ್ಯನಿಧಿ ಕೊಡಿಸಿದ ಅಪರೂಪದ ಕಾನೂನು ಅದು. 2016ರಲ್ಲಿ ರಾಜ್ಯ ಸರ್ಕಾರ ಹಣ್ಣು-ತರಕಾರಿಯನ್ನು ಸಮಿತಿಯ ಹಿಡಿತದಿಂದ ಬಿಡಿಸಿ, ದಲ್ಲಾಳಿ ಕಮಿಷನ್ ರೈತನ ಬದಲು ಖರೀದಿದಾರನ ಮೇಲೆ ಬೀಳುವಂತೆ ಮಾಡಿತು. ಆಮೇಲೆ ರೈತನ ಕೈಗೆ ಹೆಚ್ಚು ಬಂತೇ? ಅಥವಾ ಅಷ್ಟೇ ಮೊತ್ತವನ್ನು ಕೊಳ್ಳುವವನು ದರದಲ್ಲೇ ಮುರಿದುಕೊಂಡನೇ? ತೆರಿಗೆಯ ಹೊರೆ ಕೊನೆಗೆ ಯಾರ ಹೆಗಲಿಗೆ ಎಂಬ ಪಠ್ಯಪುಸ್ತಕದ ಪಾಠ ಇಲ್ಲಿ ಜೀವಂತ ನಡೆಯುತ್ತಿದೆ.

ಮಸಾಲೆ ಪೇಟೆಯಲ್ಲಿ ಬ್ಯಾಡಗಿ ಮೆಣಸಿನಕಾಯಿಯ ಚೀಲ ಬಿಚ್ಚಿದರೆ ಘಾಟಿಗಿಂತ ಮೊದಲು ಬಣ್ಣ ಕಣ್ಣಿಗೆ ಬೀಳುತ್ತದೆ. ಸುಕ್ಕುಗಟ್ಟಿದ ಕಡುಗೆಂಪು ಕಾಯನ್ನು ವ್ಯಾಪಾರಿ ಅಂಗೈಯಲ್ಲಿ ಮುರಿದು, ಬೀಜ ಉದುರಿಸಿ, ಸಿಪ್ಪೆಯನ್ನು ಬೆರಳಲ್ಲಿ ಉಜ್ಜಿ ನೋಡುತ್ತಾನೆ. ಬೆರಳಿಗೆ ಹತ್ತಿದ ಬಣ್ಣದ ಮೇಲೆ ದರ. 2024ರ ಮಾರ್ಚ್‌ನಲ್ಲಿ ಹಾವೇರಿ ಜಿಲ್ಲೆಯ ಬ್ಯಾಡಗಿ ಮಂಡಿಯಲ್ಲಿ ಇದೇ ಕಾಯಿಯ ದರ ಏಕಾಏಕಿ ಕುಸಿದಾಗ ರೈತರ ಸಿಟ್ಟು ಕಟ್ಟೆಯೊಡೆದು, ಮಂಡಿಯ ಆವರಣದಲ್ಲೇ ವಾಹನಗಳಿಗೆ ಬೆಂಕಿ ಬಿತ್ತು. ಬ್ಯಾಡಗಿಯಲ್ಲಿ ದರ ಬಿದ್ದರೆ ತುರ್ಭೆಯಲ್ಲಿ ಎಷ್ಟು ದಿನಕ್ಕೆ ಬೀಳುತ್ತದೆ? ತುರ್ಭೆಯಲ್ಲಿ ಏರಿದರೆ ಬ್ಯಾಡಗಿಯ ರೈತನಿಗೆ ಅಷ್ಟೇ ಬೇಗ ಮುಟ್ಟುತ್ತದೆಯೇ? ಎರಡು ಪೇಟೆಗಳ ದರಗಳು ಒಂದನ್ನೊಂದು ಎಳೆದುಕೊಂಡು ನಡೆಯುತ್ತವೆಯೇ ಎಂದು ಅಳೆಯುವ ವಿಧಾನವನ್ನು ಕಟ್ಟಿದ್ದಕ್ಕೆ ಕ್ಲೈವ್ ಗ್ರೇಂಜರ್‌ಗೆ 2003ರಲ್ಲಿ ನೊಬೆಲ್ ಬಂತು. ಆ ವಿಧಾನ ಈಗ ಯಾವುದೇ ಎಂ.ಎ. ತರಗತಿಯಲ್ಲಿ ಕಲಿಸುವಂಥದ್ದು. ಮೆಣಸಿನಕಾಯಿಯ ಬಣ್ಣ ಗೊತ್ತಿದ್ದು ಆ ಲೆಕ್ಕವೂ ಗೊತ್ತಿರುವವರು ವಿರಳ.

ದೂರದವರು ನಮ್ಮ ಮಂಡಿಗಳನ್ನು ನೋಡದೆ ಬಿಟ್ಟಿಲ್ಲ. ಕರ್ನಾಟಕ ಸರ್ಕಾರ 2014ರಲ್ಲಿ ರಾಜ್ಯದ ಮಂಡಿಗಳನ್ನು ಒಂದೇ ಆನ್‌ಲೈನ್ ವೇದಿಕೆಗೆ ತಂದಿತು. ಅದರಿಂದ ರೈತನಿಗೆ ಏನಾಯಿತೆಂದು ಅಳೆದವರಲ್ಲಿ ಅಮೆರಿಕದ ಎಂಐಟಿಯ ಸಂಶೋಧಕರು ಮುಂದಿದ್ದರು. ಭತ್ತದ ದರ ಶೇ 5.1, ಶೇಂಗಾ ಶೇ 3.6, ಮೆಕ್ಕೆಜೋಳ ಶೇ 3.5ರಷ್ಟು ಏರಿತೆಂದು ಅವರು 2020ರಲ್ಲಿ ಪ್ರಕಟಿಸಿದರು. ಕೇರಳದ ಮೀನುಗಾರರ ಕೈಗೆ ಮೊಬೈಲ್ ಬಂದ ಮೇಲೆ ಒಂದು ಕಡಲತೀರಕ್ಕೂ ಇನ್ನೊಂದಕ್ಕೂ ಇದ್ದ ಬೂತಾಯಿ ದರದ ಅಂತರ ಕರಗಿದ್ದನ್ನು 2007ರಲ್ಲಿ ಜಗತ್ತಿಗೆ ತೋರಿಸಿದವರು ರಾಬರ್ಟ್ ಜೆನ್ಸನ್. ಎರಡೂ ಒಳ್ಳೆಯ ಕೆಲಸಗಳೇ. ಆದರೆ ಭಾಷೆ ಬಲ್ಲ, ಪೇಟೆಯಲ್ಲಿ ಮುಖಪರಿಚಯವಿರುವ ನಮ್ಮವರು ಮಾಡಬೇಕಾದ ಕೆಲಸವೂ ಹೌದು.

ನಮ್ಮವರು ಮಾಡಿದ್ದೂ ಇದೆ. ಮುಂಬೈಯ ಅರ್ಥಶಾಸ್ತ್ರದ ಚರಿತ್ರೆಯಲ್ಲಿ ಕನ್ನಡನಾಡಿನ ಒಂದು ದೊಡ್ಡ ಹೆಸರು ಪಿ. ಆರ್. ಬ್ರಹ್ಮಾನಂದ. 1926ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ, ಮೈಸೂರು ವಿಶ್ವವಿದ್ಯಾಲಯದಲ್ಲಿ ಓದಿ, ಬಾಂಬೆ ವಿಶ್ವವಿದ್ಯಾಲಯಕ್ಕೆ ಬಂದು ಸಿ. ಎನ್. ವಕೀಲ್ ಅವರ ಬಳಿ ಸಂಶೋಧನೆ ಮಾಡಿ, ಅದೇ ವಿಭಾಗದಲ್ಲಿ ಪ್ರಾಧ್ಯಾಪಕರಾಗಿ ಬೆಳೆದವರು. 1956ರಲ್ಲಿ ಗುರುಶಿಷ್ಯರು ಸೇರಿ ಒಂದು ಪುಸ್ತಕ ಬರೆದರು. ಆಗ ದೇಶವೆಲ್ಲ ಸಂಖ್ಯಾಶಾಸ್ತ್ರಜ್ಞ ಮಹಲನೊಬಿಸ್ ರೂಪಿಸಿದ ಎರಡನೇ ಪಂಚವಾರ್ಷಿಕ ಯೋಜನೆಯ ಗುಂಗಿನಲ್ಲಿತ್ತು. ಉಕ್ಕು, ಯಂತ್ರ, ಭಾರಿ ಕೈಗಾರಿಕೆ ಮೊದಲು, ಉಳಿದದ್ದು ಆಮೇಲೆ ಎಂಬುದು ಅದರ ತಿರುಳು. ವಕೀಲ್ ಮತ್ತು ಬ್ರಹ್ಮಾನಂದ ಅದಕ್ಕೆ ಎದುರು ನಿಂತರು. ಅಣೆಕಟ್ಟು ಕಟ್ಟಲು ಬಂದ ಕೂಲಿಯವನು ಅದೇ ದಿನ ಊಟ ಮಾಡಬೇಕು, ಬಟ್ಟೆ ತೊಡಬೇಕು. ಅಕ್ಕಿ, ಜೋಳ, ಬೇಳೆ, ಬಟ್ಟೆಗಳ ದಾಸ್ತಾನು ಎಷ್ಟಿದೆಯೋ ಅಷ್ಟೇ ಮಂದಿಗೆ ಕೆಲಸ ಕೊಡಲು ಸಾಧ್ಯ. ಅದಿಲ್ಲದೆ ಬರೀ ನೋಟು ಸುರಿದರೆ ದರ ಏರುತ್ತದೆ, ಕೆಲಸ ಹುಟ್ಟುವುದಿಲ್ಲ. ಕೂಲಿಯವನ ಸರಕೇ ದೇಶದ ನಿಜವಾದ ಬಂಡವಾಳ ಎಂಬುದು ಅವರ ವಾದ.

ಆಗ ಅದಕ್ಕೆ ಹೆಚ್ಚು ಮಂದಿ ಕಿವಿಗೊಡಲಿಲ್ಲ. ಅರವತ್ತರ ದಶಕದ ನಡುವಿನಲ್ಲಿ ಅಮೆರಿಕದ ಗೋಧಿಗಾಗಿ ಹಡಗಿನ ದಾರಿ ಕಾಯುವ ಗತಿ ದೇಶಕ್ಕೆ ಬಂದಾಗ ಆ ಪುಸ್ತಕದ ಮಾತಿನ ತೂಕ ಗೊತ್ತಾಯಿತು. ಬ್ರಹ್ಮಾನಂದರ ಎಲ್ಲ ಸೂತ್ರಗಳೂ ಸರಿಯೆಂದು ಇಂದಿನ ಅರ್ಥಶಾಸ್ತ್ರಜ್ಞರು ಒಪ್ಪಲಿಕ್ಕಿಲ್ಲ. ಆದರೆ ಅಂಕಿಗಳ ಹಿಂದೆ ಊಟದ ತಟ್ಟೆಯನ್ನು ಕಂಡ ಅವರ ಕಣ್ಣು ಸರಿಯಿತ್ತು. ತುರ್ಭೆಯ ಧಾನ್ಯಪೇಟೆ ದಾಣಾಬಂದರಿನಲ್ಲಿ ಗೋದಾಮಿನಿಂದ ಗೋದಾಮಿಗೆ ಸಾಗುವ ತೊಗರಿಬೇಳೆ, ಅಕ್ಕಿ ಮೂಟೆಗಳೇ ಅವರ ಸಿದ್ಧಾಂತದ ಕಚ್ಚಾಸಾಮಗ್ರಿ. 2003ರಲ್ಲಿ ತೀರಿಕೊಳ್ಳುವ ಎರಡು ವರ್ಷ ಮೊದಲು ಅವರು ಹತ್ತೊಂಬತ್ತನೇ ಶತಮಾನದ ಭಾರತದ ಹಣ, ಆದಾಯ, ದರಗಳ ಮೇಲೆ ಬೃಹತ್ ಗ್ರಂಥವೊಂದನ್ನು ಹೊರತಂದರು. ಎಪ್ಪತ್ತು ದಾಟಿದ ಮೇಲೂ ಬಿಡದ ಸಂಶೋಧನೆ ಅದು.

ಅವರಿಗಿಂತ ಹಿರಿಯರು ವಿ. ಕೆ. ಆರ್. ವಿ. ರಾವ್. 1908ರಲ್ಲಿ ಕಾಂಚೀಪುರದಲ್ಲಿ ಹುಟ್ಟಿದ ಅವರು ಮುಂದೆ ಬಳ್ಳಾರಿಯಿಂದ ಲೋಕಸಭೆಗೆ ಹೋದವರು, ಕೇಂದ್ರದಲ್ಲಿ ಶಿಕ್ಷಣ ಸಚಿವರಾದವರು. ಆದರೆ ಓದಿನ ಬುನಾದಿ ಬಿದ್ದದ್ದು ಮುಂಬೈಯ ವಿಲ್ಸನ್ ಕಾಲೇಜಿನಲ್ಲಿ. 1937ರಲ್ಲಿ ಕೇಂಬ್ರಿಜ್ ಅವರಿಗೆ ಪಿಎಚ್.ಡಿ. ಕೊಟ್ಟಿತು. ಪ್ರಶ್ನೆ ಕೇಂಬ್ರಿಜಿನದಲ್ಲ, ಭಾರತದ್ದು: ಬ್ರಿಟಿಷ್ ಇಂಡಿಯಾದ ರಾಷ್ಟ್ರೀಯ ಆದಾಯ ಎಷ್ಟು? ದಾದಾಭಾಯಿ ನವರೋಜಿ 1867-68ರ ಲೆಕ್ಕಕ್ಕೆ ತಲೆಗೆ ವರ್ಷಕ್ಕೆ 20 ರೂಪಾಯಿ ಎಂದು ಹೇಳಿ ಹಾಕಿಕೊಟ್ಟ ದಾರಿಯನ್ನು ರಾವ್ ಶಾಸ್ತ್ರೀಯವಾಗಿ ಮುಂದುವರಿಸಿದರು. ಹೊಲ, ಗಣಿಗಳಲ್ಲಿ ಹುಟ್ಟಿದ್ದನ್ನು ಉತ್ಪನ್ನದ ಲೆಕ್ಕದಲ್ಲಿ, ವ್ಯಾಪಾರ, ನೌಕರಿಗಳಲ್ಲಿ ಗಳಿಸಿದ್ದನ್ನು ಆದಾಯದ ಲೆಕ್ಕದಲ್ಲಿ ಹಿಡಿದು ಎರಡನ್ನೂ ಹೊಂದಿಸಿದರು. ಡಾಕ್ಟರೇಟಿನಲ್ಲಿ ಕಲಿತ ಅಳತೆಯ ಶಿಸ್ತು ಸಂಸ್ಥೆಗಳಾಗಿ ಬೆಳೆಯಿತು. 1949ರಲ್ಲಿ ಡೆಲ್ಲಿ ಸ್ಕೂಲ್ ಆಫ್ ಎಕನಾಮಿಕ್ಸ್, 1958ರಲ್ಲಿ ಆರ್ಥಿಕ ಬೆಳವಣಿಗೆಯ ಅಧ್ಯಯನ ಸಂಸ್ಥೆ, 1972ರಲ್ಲಿ ಬೆಂಗಳೂರಿನ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆ (ಐಸೆಕ್). ಈ ಕೊನೆಯದನ್ನು ಕಟ್ಟುವಾಗ ಅವರ ಜೊತೆಗಿದ್ದ ಎಂ. ಎನ್. ಶ್ರೀನಿವಾಸ ಮೈಸೂರಿನವರು. ಕೊಡವರ ಮೇಲಿನ ಅವರ ಪಿಎಚ್.ಡಿ. ಕೂಡ ಬಾಂಬೆ ವಿಶ್ವವಿದ್ಯಾಲಯದ್ದೇ, 1944ರದು. ನಾಗರಭಾವಿಯ ಐಸೆಕ್‌ನಲ್ಲಿ ಇಂದು ಸಂಶೋಧನೆಗೆ ಸೇರುವ ವಿದ್ಯಾರ್ಥಿ ಒಂದರ್ಥದಲ್ಲಿ ಮುಂಬೈಯ ಮೊಮ್ಮಗ.

ದುಡ್ಡಿಲ್ಲದೆ ಡಾಕ್ಟರೇಟ್ ಹೇಗೆ ಎಂದು ಕೇಳುವವರು ಮುಂಬೈಯ ಇನ್ನೊಬ್ಬ ಅರ್ಥಶಾಸ್ತ್ರಜ್ಞರ ಬದುಕನ್ನು ತಿಳಿದಿರಬೇಕು. ಬಾಬಾಸಾಹೇಬ ಅಂಬೇಡ್ಕರ್ ಬರೋಡಾ ಸಂಸ್ಥಾನದ ವಿದ್ಯಾರ್ಥಿವೇತನದಲ್ಲಿ 1913ರಲ್ಲಿ ಕೊಲಂಬಿಯಾಕ್ಕೆ ಹೋದರು. ಅಲ್ಲಿಂದ ಲಂಡನ್‌ಗೆ ಬಂದು ಓದುತ್ತಿದ್ದಾಗ ವೇತನದ ಅವಧಿ ಮುಗಿದು, ಓದು ಅರ್ಧಕ್ಕೆ ಬಿಟ್ಟು ಮರಳಬೇಕಾಯಿತು. ಬೇರೆ ಹಡಗಿನಲ್ಲಿ ಬರುತ್ತಿದ್ದ ಅವರ ಪುಸ್ತಕಗಳು ಮಹಾಯುದ್ಧದ ಟಾರ್ಪೆಡೊ ದಾಳಿಗೆ ಸಿಕ್ಕಿ ಸಮುದ್ರದ ಪಾಲಾದವು. ಸಿಡೆನ್‌ಹ್ಯಾಂ ಕಾಲೇಜಿನಲ್ಲಿ ಪಾಠ ಹೇಳಿ ಸಂಬಳ ಉಳಿಸಿ, ಮಿತ್ರರಿಂದ ಸಾಲ ಪಡೆದು 1920ರಲ್ಲಿ ಮತ್ತೆ ಲಂಡನ್ ಹಾದಿ ಹಿಡಿದರು. ರೂಪಾಯಿಯ ಸಮಸ್ಯೆಯ ಮೇಲಿನ ಪ್ರಬಂಧವನ್ನು ಪರೀಕ್ಷಕರು ಮೊದಲು ತಿದ್ದಿ ತರಲು ಹೇಳಿದರು. ತಿದ್ದಿ ಕೊಟ್ಟಾಗ 1923ರಲ್ಲಿ ಡಿ.ಎಸ್‌ಸಿ. ಬಂತು. ಕೊಲಂಬಿಯಾದ ಪಿಎಚ್.ಡಿ. ಅಧಿಕೃತವಾಗಿ ಕೈಸೇರಿದ್ದು 1927ರಲ್ಲಿ. ಅಂಥ ಧೀಮಂತರಿಗೂ ಹೊರಟ ದಿನದಿಂದ ಹದಿನಾಲ್ಕು ವರ್ಷ ಹಿಡಿದ ದಾರಿ ಇದು.

ಇಂದಿನ ದಾರಿ ಅಷ್ಟು ಕಠಿಣವಲ್ಲ, ಆದರೆ ಸಲೀಸೂ ಅಲ್ಲ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2022ರ ನಿಯಮದಂತೆ ಪಿಎಚ್.ಡಿ.ಗೆ ಕನಿಷ್ಠ ಮೂರು ವರ್ಷ, ಗರಿಷ್ಠ ಆರು. ಬೇಕಿದ್ದರೆ ಎರಡು ವರ್ಷ ವಿಸ್ತರಣೆ, ಮಹಿಳೆಯರಿಗೂ ಅಂಗವಿಕಲರಿಗೂ ಮತ್ತೆರಡು. ಹೆರಿಗೆ ಮತ್ತು ಶಿಶುಪಾಲನೆಗೆ 240 ದಿನಗಳವರೆಗೆ ರಜೆ ಇದೆ. ಎಂ.ಫಿಲ್. ರದ್ದಾಗಿದೆ. ಸ್ನಾತಕೋತ್ತರದಲ್ಲಿ ಶೇ 55 ಇರಬೇಕು. ನಾಲ್ಕು ವರ್ಷದ ಪದವಿಯಲ್ಲಿ ಶೇ 75 ಪಡೆದವರು ಎಂ.ಎ. ಇಲ್ಲದೆಯೂ ನೇರ ಅರ್ಜಿ ಹಾಕಬಹುದು. ಕೆಲಸದಲ್ಲಿ ಇರುವವರಿಗೆ, ಮಾಲೀಕರ ಒಪ್ಪಿಗೆ ಪತ್ರವಿದ್ದರೆ, ಅರೆಕಾಲಿಕ ಪಿಎಚ್.ಡಿ.ಯ ಬಾಗಿಲೂ ತೆರೆದಿದೆ. ನವಿಮುಂಬೈಯಲ್ಲಿ ಬ್ಯಾಂಕಿನಲ್ಲೋ ಕಾಲೇಜಿನಲ್ಲೋ ದುಡಿಯುವವರಿಗೆ ಇದು ದೊಡ್ಡ ಅನುಕೂಲ.

2024ರ ಜೂನ್‌ನಿಂದ ರಾಷ್ಟ್ರೀಯ ಅರ್ಹತಾ ಪರೀಕ್ಷೆಯ (ನೆಟ್) ಅಂಕಗಳೇ ಪಿಎಚ್.ಡಿ. ಪ್ರವೇಶಕ್ಕೂ ಎಣಿಕೆಯಾಗುವ ವ್ಯವಸ್ಥೆ ಬಂತು. ಕಿರಿಯ ಸಂಶೋಧನಾ ಫೆಲೋಶಿಪ್ (ಜೆಆರ್‌ಎಫ್) ಸಿಗದವರಿಗೆ ನೆಟ್ ಅಂಕಕ್ಕೆ ಶೇ 70, ಸಂದರ್ಶನಕ್ಕೆ ಶೇ 30. ವ್ಯವಸ್ಥೆಯ ಮೊದಲ ಪರೀಕ್ಷೆಯೇ ನಡೆದ ಮರುದಿನ ರದ್ದಾಗಿ, ಲಕ್ಷಾಂತರ ಮಂದಿ ಮತ್ತೆ ಬರೆಯಬೇಕಾದದ್ದು ಆ ವರ್ಷದ ಕಹಿ. ಜೆಆರ್‌ಎಫ್ ಗಿಟ್ಟಿಸಿದವರಿಗೆ 2023ರ ಜನವರಿಯಿಂದ ಮೊದಲೆರಡು ವರ್ಷ ತಿಂಗಳಿಗೆ 37,000, ಆಮೇಲೆ 42,000 ರೂಪಾಯಿ, ಜೊತೆಗೆ ಮನೆಬಾಡಿಗೆ ಭತ್ಯೆ. ಸಣ್ಣ ಮೊತ್ತವೇನಲ್ಲ. ಆದರೆ ಅದು ಸಿಗದವನ ಪಾಡು ಬೇರೆ. ಒಂದೇ ಗ್ರಂಥಾಲಯದಲ್ಲಿ, ಒಂದೇ ಗುರುವಿನ ಬಳಿ, ಅಷ್ಟೇ ಕೆಲಸ ಮಾಡುವ ಇಬ್ಬರಲ್ಲಿ ಒಬ್ಬನಿಗೆ ಸಂಬಳದಷ್ಟು ಬರುತ್ತದೆ, ಇನ್ನೊಬ್ಬ ಸಂಜೆ ಟ್ಯೂಷನ್ ಹೇಳಿ ಲೋಕಲ್ ಪಾಸಿನ ಖರ್ಚು ಹೊಂದಿಸುತ್ತಾನೆ. ಅರ್ಧದಲ್ಲಿ ನಿಂತ ಪ್ರಬಂಧಗಳ ಹಿಂದಿನ ಕಾರಣ ಹುಡುಕಿದರೆ ಬುದ್ಧಿಯ ಕೊರತೆಗಿಂತ ಮೂರನೇ ವರ್ಷದ ಈ ಬಿಕ್ಕಟ್ಟೇ ಹೆಚ್ಚು ಸಿಗುತ್ತದೆ.

ಎಲ್ಲಿ ಸೇರುವುದು? ನೂರು ವರ್ಷ ದಾಟಿದ ಬಾಂಬೆ ವಿಶ್ವವಿದ್ಯಾಲಯದ ಅರ್ಥಶಾಸ್ತ್ರ ವಿಭಾಗ ಈಗ ಕಲೀನಾದಲ್ಲಿ ಮುಂಬೈ ಸ್ಕೂಲ್ ಆಫ್ ಎಕನಾಮಿಕ್ಸ್ ಆ್ಯಂಡ್ ಪಬ್ಲಿಕ್ ಪಾಲಿಸಿ ಎಂಬ ಹೆಸರಿನಲ್ಲಿದೆ. ರಿಸರ್ವ್ ಬ್ಯಾಂಕ್ 1987ರಲ್ಲಿ ಸ್ಥಾಪಿಸಿದ ಇಂದಿರಾ ಗಾಂಧಿ ಅಭಿವೃದ್ಧಿ ಸಂಶೋಧನಾ ಸಂಸ್ಥೆ ಗೋರೆಗಾಂವ್‌ನಲ್ಲಿದೆ. ಪೊವಾಯಿಯಲ್ಲಿ ಐಐಟಿ, ದೇವನಾರ್‌ನಲ್ಲಿ ಟಾಟಾ ಸಮಾಜವಿಜ್ಞಾನ ಸಂಸ್ಥೆ. ನಾಲ್ಕೂ ತುರ್ಭೆಯಿಂದ ದಿನವೂ ಹೋಗಿಬರಬಹುದಾದ ದೂರದಲ್ಲಿವೆ. ಸಂಸ್ಥೆಯ ಹೆಸರಿಗಿಂತ ಮಾರ್ಗದರ್ಶಕರನ್ನು ನೋಡಿ ಸೇರುವುದು ಮೇಲು. ಅವರು ಕಳೆದ ಐದು ವರ್ಷಗಳಲ್ಲಿ ಬರೆದದ್ದೇನು, ಅವರ ಬಳಿ ಓದಿದವರು ಎಷ್ಟು ವರ್ಷಕ್ಕೆ ಮುಗಿಸಿದರು ಎಂದು ವಿಚಾರಿಸಲು ನಾಚಬೇಕಿಲ್ಲ. ಒಬ್ಬ ಸಹಾಯಕ ಪ್ರಾಧ್ಯಾಪಕರು ಏಕಕಾಲಕ್ಕೆ ನಾಲ್ವರನ್ನು, ಸಹ ಪ್ರಾಧ್ಯಾಪಕರು ಆರು ಮಂದಿಯನ್ನು, ಪ್ರಾಧ್ಯಾಪಕರು ಎಂಟು ಮಂದಿಯನ್ನು ಮಾತ್ರ ತೆಗೆದುಕೊಳ್ಳಬಹುದು. ಹಾಗಾಗಿ ಜಾಗ ಖಾಲಿ ಇದೆಯೇ ಎಂಬುದೇ ಮೊದಲ ಪ್ರಶ್ನೆ.

ಹೆಚ್ಚಿನವರು ಎಡವುವುದು ಗಣಿತದಲ್ಲಿ. ಹತ್ತನೇ ತರಗತಿಗೇ ಗಣಿತ ಕೈಬಿಟ್ಟು ಆರ್ಟ್ಸ್ ಸೇರಿ, ಟಿಪ್ಪಣಿ ಬರೆದು ಎಂ.ಎ. ಮುಗಿಸಿದವರಿಗೆ ಪಿಎಚ್.ಡಿ.ಯ ಕೋರ್ಸ್‌ವರ್ಕ್ ಬಂಡೆಯಾಗಿ ಎದುರಾಗುತ್ತದೆ. ಕಲನಶಾಸ್ತ್ರ, ಮ್ಯಾಟ್ರಿಕ್ಸ್, ಸಂಭವನೀಯತೆ, ಅರ್ಥಮಿತಿ ಇವು ಇಲ್ಲದೆ ಇಂದಿನ ಸಂಶೋಧನಾ ಲೇಖನವೊಂದನ್ನು ಓದುವುದೂ ಕಷ್ಟ. ಅಮೆರಿಕದ ವಿಶ್ವವಿದ್ಯಾಲಯಗಳು ಐದಾರು ವರ್ಷ ವೇತನ ಕೊಟ್ಟು ಓದಿಸುತ್ತವೆ, ಪದವಿಯಾದ ಕೂಡಲೇ ತೆಗೆದುಕೊಳ್ಳುವುದೂ ಉಂಟು. ಆದರೆ ಅಲ್ಲಿಯ ಆಯ್ಕೆಯಲ್ಲೂ ಮೊದಲು ನೋಡುವುದು ಗಣಿತದ ಅಂಕಗಳನ್ನೇ. ಪದವಿಯ ಮೊದಲ ವರ್ಷದಲ್ಲೇ ಗಣಿತವನ್ನು ಒಂದು ವಿಷಯವಾಗಿ ಉಳಿಸಿಕೊಳ್ಳಿ ಎಂದು ಶಿಕ್ಷಕರು ಹೇಳಬೇಕು. ಎಂ.ಎ. ಮುಗಿದ ಮೇಲೆ ಹೇಳಿದರೆ ತಡವಾಯಿತು.

ಭಾಷೆಯ ವಿಚಾರ ಇನ್ನೊಂದು. ಅರ್ಥಶಾಸ್ತ್ರದ ನೆಟ್ ಪ್ರಶ್ನೆಪತ್ರಿಕೆ ಇಂಗ್ಲಿಷ್, ಹಿಂದಿಗಳಲ್ಲಿ ಮಾತ್ರ. ಕನ್ನಡದಲ್ಲೇ ಪ್ರಬಂಧ ಬರೆಯುವ ಅವಕಾಶವನ್ನು ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಅಭಿವೃದ್ಧಿ ಅಧ್ಯಯನ ವಿಭಾಗ ಕಲ್ಪಿಸಿತು. ಅಲ್ಲಿದ್ದ ಟಿ. ಆರ್. ಚಂದ್ರಶೇಖರ, ಎಂ. ಚಂದ್ರ ಪೂಜಾರಿಯವರಂಥವರು ಬಜೆಟ್, ಪ್ರಾದೇಶಿಕ ಅಸಮಾನತೆ, ಪಂಚಾಯಿತಿಗಳ ವಿಷಯವನ್ನು ಕನ್ನಡದಲ್ಲಿ ಸೊಗಸಾಗಿ ಬರೆದು ತೋರಿಸಿದ್ದಾರೆ. ಮುಂಬೈ ಕನ್ನಡಿಗನಿಗೆ ಇರುವ ಲಾಭವೇ ಬೇರೆ. ಮನೆಯಲ್ಲಿ ಕನ್ನಡವೋ ತುಳುವೋ, ಬೀದಿಯಲ್ಲಿ ಮರಾಠಿ, ಪೇಟೆಯಲ್ಲಿ ಹಿಂದಿ, ಮಸಾಲೆ ವ್ಯಾಪಾರಿಯ ಗದ್ದಿಗೆಯಲ್ಲಿ ನಾಲ್ಕು ಮಾತು ಗುಜರಾತಿ. ಪ್ರಶ್ನಾವಳಿ ಹಿಡಿದು ಬಂದ ಅಪರಿಚಿತನಿಗೆ ವ್ಯಾಪಾರಿ ಹೇಳುವ ಲೆಕ್ಕ ಒಂದು, ಊರು ಕೇರಿ ಬಲ್ಲವನಿಗೆ ಹೇಳುವುದು ಇನ್ನೊಂದು. ಈ ಎರಡನೇ ಲೆಕ್ಕ ಯಾವ ಸರ್ಕಾರಿ ಕೋಷ್ಟಕದಲ್ಲೂ ಸಿಗುವುದಿಲ್ಲ.

ವಿಷಯಗಳಿಗೆ ಬರವೇ ಇಲ್ಲ. ಉಡುಪಿ ಹೋಟೆಲುಗಳ ಬಂಡವಾಳ ಎಲ್ಲಿಂದ ಬಂತು, ಹಗಲು ಲೋಟ ತೊಳೆದು ರಾತ್ರಿಶಾಲೆಯಲ್ಲಿ ಓದಿದ ಹುಡುಗರ ಆದಾಯ ಓದದವರಿಗಿಂತ ಎಷ್ಟು ಮೇಲೇರಿತು, ಜಾತಿ-ಸಮುದಾಯಗಳ ಸಹಕಾರಿ ಬ್ಯಾಂಕುಗಳು ಸಾಲದ ಅಪಾಯವನ್ನು ಹೇಗೆ ತೂಗಿದವು, ವಿಜಯಪುರ, ಕಲಬುರಗಿ ಕಡೆಯಿಂದ ಬಂದು ನವಿಮುಂಬೈಯ ಕಟ್ಟಡಗಳಲ್ಲಿ ದುಡಿಯುವವರು ಊರಿಗೆ ಕಳಿಸುವ ಹಣ ಏನಾಗುತ್ತದೆ. ವಲಸೆಯ ಮೇಲೆ ಬೆಂಗಳೂರಿನ ಐಐಎಂನಲ್ಲಿ ಡಾಕ್ಟರೇಟ್ ಪಡೆದ ಚಿನ್ಮಯ್ ತುಂಬೆ, ಕೆಲವು ಜಿಲ್ಲೆಗಳ ಗಂಡಸರು ನೂರು ವರ್ಷಗಳಿಂದ ತಲೆಮಾರು ತಪ್ಪದೆ ಹೊರಗೆ ದುಡಿದು ಮನೆಗೆ ಹಣ ಕಳಿಸುತ್ತ ಬಂದಿರುವುದನ್ನು ಅಂಕಿಗಳಿಂದ ತೋರಿಸಿದರು. ಆ ಮನಿಆರ್ಡರಿನ ಇನ್ನೊಂದು ತುದಿ ಇಲ್ಲೇ ಥಾಣೆ, ಡೊಂಬಿವಲಿಗಳಲ್ಲಿದೆ.

ಪಿಎಚ್.ಡಿ. ಮಾಡಿದ ಕೂಡಲೇ ಕೆಲಸ ಬಾಗಿಲಿಗೆ ಬರುವುದಿಲ್ಲ ಎಂಬುದನ್ನೂ ಹೇಳಲೇಬೇಕು. 2023ರ ಜುಲೈನಲ್ಲಿ ಯುಜಿಸಿ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ನೆಟ್ ಅಥವಾ ರಾಜ್ಯಮಟ್ಟದ ಸೆಟ್ ಸಾಕು, ಪಿಎಚ್.ಡಿ. ಐಚ್ಛಿಕ ಎಂದಿತು. ಬರೀ ಹುದ್ದೆಗಾಗಿ ಐದು ವರ್ಷ ಸವೆಸುವುದು ಇನ್ನು ಲಾಭದ ಬಾಬತ್ತಲ್ಲ. ಪ್ರಶ್ನೆಯೊಂದು ನಿದ್ದೆಗೆಡಿಸುತ್ತಿದ್ದರೆ ಮಾತ್ರ ಈ ದಾರಿ. ಹೊರಡುವ ಮುನ್ನ ಶೋಧಗಂಗಾ ಜಾಲತಾಣದಲ್ಲಿ ಮುಂಬೈ, ಮೈಸೂರು, ಧಾರವಾಡಗಳ ಅರ್ಥಶಾಸ್ತ್ರ ಪ್ರಬಂಧಗಳನ್ನು ತೆರೆದು ನೋಡಬಹುದು, ದುಡ್ಡು ಕೊಡಬೇಕಿಲ್ಲ. ನಾಲ್ಕಾರು ಓದಿದರೆ ಒಳ್ಳೆಯದು ಯಾವುದು, ಜೊಳ್ಳು ಯಾವುದು ತಾನಾಗಿ ತಿಳಿಯುತ್ತದೆ.

ಡೊಂಬಿವಲಿಯ ಕರ್ನಾಟಕ ಸಂಘ ಮಂಜುನಾಥನ ಹೆಸರಿನಲ್ಲಿ ಶಾಲೆ, ಕಾಲೇಜುಗಳನ್ನೇ ಕಟ್ಟಿ ನಡೆಸುತ್ತಿದೆ. ಥಾಣೆ, ಕಲ್ಯಾಣ, ನವಿಮುಂಬೈಯ ಸಂಘಗಳು ವರ್ಷವರ್ಷವೂ ಮಕ್ಕಳಿಗೆ ಪುಸ್ತಕ, ವಿದ್ಯಾರ್ಥಿವೇತನ ಹಂಚುತ್ತವೆ. ಆ ಪಟ್ಟಿ ಸಾಮಾನ್ಯವಾಗಿ ಪದವಿಗೆ ನಿಲ್ಲುತ್ತದೆ. ಅದನ್ನು ಒಂದು ಮೆಟ್ಟಿಲು ಮೇಲಕ್ಕೆ ಒಯ್ದು, ಜೆಆರ್‌ಎಫ್ ಸಿಗದ ಒಬ್ಬ ಸಂಶೋಧನಾ ವಿದ್ಯಾರ್ಥಿಗೆ, ಅದರಲ್ಲೂ ಮನೆ ಮತ್ತು ಕೆಲಸ ಎರಡನ್ನೂ ನಿಭಾಯಿಸುವ ಹೆಣ್ಣುಮಗಳಿಗೆ, ಕೊನೆಯ ಎರಡು ವರ್ಷ ಕೈಹಿಡಿಯಬೇಕು. ಹೋಟೆಲು, ಮಂಡಿ, ಸಹಕಾರಿ ಸಂಘಗಳ ಹಿರಿಯರು ಅಟ್ಟದ ಮೇಲಿನ ಹಳೆಯ ಲೆಕ್ಕಪುಸ್ತಕಗಳನ್ನು ರದ್ದಿಗೆ ಹಾಕದೆ ಇಂಥ ವಿದ್ಯಾರ್ಥಿಗಳಿಗೆ ಓದಲು ಕೊಡಬೇಕು.